ನೆರಳಿನಿಂದ ಬಿಸಿಲಿಗೆ

ಮುಂಬಯಿಗೆ ವಸಂತ ಯಾವಾಗ ಬರುತ್ತದೆಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ಉತ್ತರ ಹೇಳಲಾರೆವು. ಜನವರಿಯಲ್ಲಿ ನಾಲ್ಕು ದಿನ ಹೊದಿಕೆ ಬೇಕೆನಿಸುತ್ತದೆ. ಅದನ್ನು ಒಗೆದು ಮಡಚಿಡುವಷ್ಟರಲ್ಲಿ ಸೆಕೆ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆಂಬ ಮಾತು ಈ ಊರಿನ ಮಟ್ಟಿಗೆ ಅಕ್ಷರಶಃ ನಿಜ. ಮನೆಯೊಳಗೆ ಬೆಳೆಸಿದ ಎಳೆಯ ಸಸಿಗಳನ್ನು ಹೊರಗೆ ತರುವವರಿಗೆ ಇದು ಬಲು ನಾಜೂಕಿನ ಕಾಲ. ನಾವಿದನ್ನು ಕಲಿತದ್ದು ಇಪ್ಪತ್ತೊಂದು ಸಸಿಗಳನ್ನು ಕೊಂದ ಮೇಲೆ.

ನಾವು ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ವಾಸ ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನ ಮೊದಲ ಮಹಡಿಯಲ್ಲಿ. ಬಿ.ಎಸ್ಸಿ.ಗೆ ಸಸ್ಯಶಾಸ್ತ್ರ ಓದಿದ್ದೇವೆ; ಆಮೇಲೆ ಇಪ್ಪತ್ತು ವರ್ಷ ಫೈಲುಗಳನ್ನು ಓದಿದ್ದೇವೆ. 2024ರ ದೀಪಾವಳಿ ಕಳೆದ ಮೇಲೆ ಅಮ್ಮನನ್ನು ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಇಲ್ಲಿಗೆ ಕರೆತಂದೆವು. ಅಪ್ಪ ಹೋದ ಮೇಲೆ ಅವರು ಕಟಪಾಡಿಯ ಕಡೆಯ ಮನೆಯಲ್ಲಿ ಒಬ್ಬರೇ ಇದ್ದರು. ಮೊಣಕಾಲು ನೋವು ಬೇರೆ. ಮನೆಗೆ ಬೀಗ ಹಾಕಿಸಿ ಕರೆತಂದದ್ದೇನೋ ಆಯಿತು. ಆದರೆ ಬೆಳಗಾದರೆ ಅಂಗಳ, ತೋಟ, ಬಾವಿಕಟ್ಟೆ ಎಂದು ಸುತ್ತುತ್ತಿದ್ದವರು ಇಲ್ಲಿ ಕಿಟಕಿಯ ಪಕ್ಕದ ಮಂಚ ಹಿಡಿದರು. ಮೆಟ್ಟಿಲಿಳಿಯಲು ಕಾಲಿಗಿಂತ ಹೆಚ್ಚಾಗಿ ಮನಸ್ಸು ಒಪ್ಪುತ್ತಿರಲಿಲ್ಲ. ‘ಕೆಳಗೆ ಹೋಗಿ ಯಾರ ಹತ್ತಿರ ಎಂತ ಮಾತಾಡುವುದು? ನನಗೆ ಇವರ ಭಾಷೆ ಬರುತ್ತದಾ?’ ಎನ್ನುವರು. ಊರ ಮನೆಯ ಬೀಗದ ಕೈ ಸೀರೆಯ ಸೆರಗಿನಲ್ಲಿಯೇ ಇತ್ತು. ‘ವಿಷುವಿಗೆ ನನ್ನನ್ನು ಊರಿಗೆ ಬಿಟ್ಟುಬಿಡು ಮಾರಾಯ’ ಎಂದು ವಾರಕ್ಕೊಮ್ಮೆ ಅರ್ಜಿ ಬರುತ್ತಿತ್ತು. ಕೊನೆಗೆ ಫೆಬ್ರವರಿಯಲ್ಲಿ ನಾವು ಏಪ್ರಿಲ್ ತಿಂಗಳ ಟಿಕೇಟು ತೆಗೆದಿಟ್ಟೆವು.

ಅಮ್ಮ ತಂದಿದ್ದ ಟ್ರಂಕಿನಲ್ಲಿ ಒಂದು ಬಟ್ಟೆಯ ಗಂಟು. ಅದರಲ್ಲಿ ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಮಟ್ಟು ಗುಳ್ಳದ ಬೀಜ. ಕರಾವಳಿಯವರಿಗೆ ಗುಳ್ಳದ ಪರಿಚಯ ಹೇಳಬೇಕಾಗಿಲ್ಲ. ಘಟ್ಟದ ಮೇಲಿನ ಬಂಧುಗಳಿಗಾಗಿ ಎರಡು ಮಾತು. ಉಡುಪಿಯ ಹತ್ತಿರದ ಮಟ್ಟು ಗ್ರಾಮದಲ್ಲಿ ಬೆಳೆಯುವ ಗುಂಡು ಬದನೆ ಇದು. ತಿಳಿಹಸಿರು ಮೈ, ಅದರ ಮೇಲೆ ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು. ಸೋದೆಯ ವಾದಿರಾಜರು ಕೊಟ್ಟ ಬೀಜದಿಂದ ಬಂದ ತಳಿ ಎಂಬ ನಂಬಿಕೆ ಇದೆ. 2011ರಲ್ಲಿ ಇದಕ್ಕೆ ಸರಕಾರದ ಭೌಗೋಳಿಕ ಸೂಚಕವೂ ದೊರಕಿತು. ಬೇರೆ ಮಣ್ಣಿನಲ್ಲಿ ಬೆಳೆದರೆ ಆ ಹೆಸರು ಸಲ್ಲದು, ಆ ರುಚಿಯೂ ಬಾರದೆಂದು ಮಟ್ಟುವಿನವರು ಹೇಳುತ್ತಾರೆ. ಆಂಟಾಪ್ ಹಿಲ್ಲಿನ ಗುಳ್ಳಕ್ಕೆ ನಾವು ಹೆಸರೇನೂ ಕೇಳಲಿಲ್ಲ. ಗಿಡ ಬಂದರೆ ಸಾಕೆಂದಿದ್ದೆವು.

ಸಂಕ್ರಾಂತಿ ಕಳೆದ ಮೇಲೆ ಹಾಪೂಸು ಮಾವಿನ ಹಳೆಯ ಪೆಟ್ಟಿಗೆಯಲ್ಲಿ ಮಣ್ಣು, ಗೊಬ್ಬರ ತುಂಬಿ ಬೀಜ ಬಿತ್ತಿದೆವು. ಅಮ್ಮ ಅರ್ಧ ಬೀಜ ಮಾತ್ರ ಕೊಟ್ಟರು. ‘ಇದ್ದದ್ದೆಲ್ಲ ಒಂದೇ ದಿನ ಬಿತ್ತುವುದುಂಟಾ?’ ಎಂದು ಉಳಿದ ಅರ್ಧವನ್ನು ಎರಡು ವಾರ ಬಿಟ್ಟು ಇನ್ನೊಂದು ಪೆಟ್ಟಿಗೆಗೆ ಹಾಕಿದರು. ಎರಡೂ ಅಡುಗೆಮನೆಯ ಕಿಟಕಿಯೊಳಗೆ ಕುಳಿತವು. ಅಲ್ಲಿ ಬೆಳಕಿದೆ, ನೇರ ಬಿಸಿಲಿಲ್ಲ. ಮೊದಲ ಪೆಟ್ಟಿಗೆಯ ಸಸಿಗಳು ಆರು ವಾರಕ್ಕೆ ಗೇಣುದ್ದ ಬೆಳೆದು ಒಂದೊಂದರಲ್ಲಿ ನಾಲ್ಕೈದು ಎಲೆ ಬಿಟ್ಟವು.

2025ರ ಫೆಬ್ರವರಿ 26, ಶಿವರಾತ್ರಿ. ಕಚೇರಿಗೆ ರಜೆ. ಕಟ್ಟಡದ ಹಿಂದೆ ಕಾಂಪೌಂಡ್ ಗೋಡೆಗೆ ತಾಗಿ ಒಂದಿಷ್ಟು ಜಾಗ ಅಗೆದು ಹದ ಮಾಡಿಟ್ಟಿದ್ದೆವು. ನಾವು ಪೆಟ್ಟಿಗೆ ಎತ್ತಿಕೊಂಡಾಗ ಅಮ್ಮ, ‘ಇವತ್ತು ಬೇಡ ಮಗಾ. ಒಳಗಿದ್ದದ್ದು, ನಾಲ್ಕು ದಿನ ನೆರಳಲ್ಲಿಟ್ಟು ನೋಡು’ ಎಂದರು. ನಮಗೆ ಮತ್ತೆ ರಜೆ ಯಾವಾಗ? ಗಿಡವೆಂದ ಮೇಲೆ ಬಿಸಿಲು ಬೇಕು, ಬಿಸಿಲಿದ್ದರೇ ಆಹಾರ ತಯಾರಾಗುವುದು ಎಂದು ಅಮ್ಮನಿಗೆ ಒಂದು ಪಾಠವನ್ನೇ ಹೇಳಿ ಕೆಳಗಿಳಿದೆವು. ಬೆಳಗಿನ ಹತ್ತು ಗಂಟೆಗೆ ಇಪ್ಪತ್ತೊಂದು ಸಸಿಗಳೂ ಸಾಲಾಗಿ ನಿಂತವು.

ಆ ಎರಡು ದಿನ ಹವಾಮಾನ ಇಲಾಖೆ ಮುಂಬಯಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಸಾಂತಾಕ್ರೂಜ್‌ನಲ್ಲಿ ಪಾರಾ 38 ಡಿಗ್ರಿ ದಾಟಿತ್ತು. ಈ ಕಾಲದಲ್ಲಿ ಬೆಳಗ್ಗೆ ಪೂರ್ವದಿಂದ ನೆಲದ ಒಣಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಬಂದು ತಂಪು ಮಾಡುತ್ತದೆ. ಸಮುದ್ರದ ಗಾಳಿ ತಡಮಾಡಿದ ದಿನ ಈ ಊರು ಕಾವಲಿಯೇ. ಸಂಜೆಗೆ ಸಸಿಗಳ ಕತ್ತು ಬಾಗಿತ್ತು. ನೀರು ಹಾಕಿದೆವು. ಮರುದಿನ ಎಲೆಗಳ ಮೇಲೆ ಸುಣ್ಣ ಬಿದ್ದಂತೆ ಬಿಳಿಯ ಕಲೆ. ಮುಟ್ಟಿದರೆ ಕಾಗದದ ಹಾಗೆ ಪುಡಿಯಾದವು. ಮೂರನೆಯ ದಿನ ಒಂದೂ ಉಳಿಯಲಿಲ್ಲ.

ಕಾರಣ ನಮಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ಆ ಹೊತ್ತಿಗೆ ನೆನಪಾಗಲಿಲ್ಲ. ನೆರಳಿನಲ್ಲಿ ಮೂಡಿದ ಎಲೆ ತೆಳ್ಳಗೆ, ಮೇಲಿನ ಮೇಣದ ಪೊರೆಯೂ ತೆಳ್ಳಗೆ. ಒಮ್ಮೆಲೇ ಬಿಸಿಲಿಗಿಟ್ಟರೆ ಬೇರು ಹೀರುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆರಿಹೋಗುತ್ತದೆ, ಹರಿತ್ತು ಸುಟ್ಟು ಬಿಳಿಚುತ್ತದೆ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಬಿಸಿಲು, ಗಾಳಿ ಕೊಟ್ಟರೆ ಪೊರೆ ದಪ್ಪವಾಗುತ್ತದೆ, ಕಾಂಡ ಗಟ್ಟಿಯಾಗುತ್ತದೆ. ಹಿಮ ಬೀಳುವ ದೇಶಗಳಲ್ಲಿಯೂ ವಸಂತದಲ್ಲಿ ಸಸಿಗಳನ್ನು ಹೀಗೆಯೇ ಹೊರಗೆ ಪಳಗಿಸುತ್ತಾರೆ. ಅಲ್ಲಿ ಚಳಿಯ ಭಯವೂ ಇದೆ, ನಮಗಿಲ್ಲಿ ಬಿಸಿಲಿನದೇ.

ಅಮ್ಮ ‘ನಾನು ಹೇಳಿರಲಿಲ್ಲವಾ’ ಎನ್ನಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೂರನೆಯ ದಿನ ಉಳಿದ ಪೆಟ್ಟಿಗೆಯನ್ನು ತೋರಿಸಿ, ‘ಇದನ್ನು ನಾನು ನೋಡಿಕೊಳ್ಳುತ್ತೇನೆ’ ಎಂದರು. ಆ ಸಸಿಗಳು ಇನ್ನೂ ಚಿಕ್ಕವು, ಒಟ್ಟು ಹದಿನಾಲ್ಕು.

ಮಾರ್ಚ್ ಮಧ್ಯದಲ್ಲಿ ಅಮ್ಮನ ಕಾರ್ಯಕ್ರಮ ಶುರುವಾಯಿತು. ಬೆಳಗ್ಗೆ ಏಳೂವರೆಗೆ ನಾವು ಪೆಟ್ಟಿಗೆಯನ್ನು ಕೆಳಗೆ ಒಯ್ಯಬೇಕು. ಮೊದಲೆರಡು ದಿನ ಅರ್ಧ ಗಂಟೆ ಎಳೆಬಿಸಿಲು, ಆಮೇಲೆ ಒಂದು ಗಂಟೆ, ಆಮೇಲೆ ಎರಡು. ನೀರು ದಿನವೂ ಇಲ್ಲ, ಮೇಲಿನ ಮಣ್ಣು ಒಣಗಿದ ಮೇಲೆ ಮಾತ್ರ. ಹನ್ನೊಂದರ ನಂತರ ಬೇವಿನ ಮರದ ತೆಳುನೆರಳಿಗೆ. ದಿನಕ್ಕೆರಡು ಸಲ ಸಸಿಗಳ ತಲೆಯ ಮೇಲೆ ಮೆಲ್ಲಗೆ ಅಂಗೈ ಆಡಿಸುವುದು. ‘ಗಾಳಿ ಅಭ್ಯಾಸವಾಗಲಿ’ ಎಂದು. ಹೀಗೆ ಸವರಿದರೆ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುವುದನ್ನು ವಿಜ್ಞಾನಿಗಳೂ ಕಂಡುಕೊಂಡಿದ್ದಾರೆ. ಅಮ್ಮನಿಗೆ ಅದನ್ನು ಯಾರು ಹೇಳಿದರೋ!

ಕಾಗೆ, ಬೆಕ್ಕು, ಹುಡುಗರ ಕ್ರಿಕೆಟ್ ಚೆಂಡು: ಪೆಟ್ಟಿಗೆಗೆ ಕಾವಲು ಬೇಕೇ ಬೇಕು. ನಾವು ಜಿ.ಟಿ.ಬಿ. ನಗರದ ಲೋಕಲ್ ಹಿಡಿಯಬೇಕು. ಹೀಗಾಗಿ ಅಮ್ಮ ಕೈಪಿಡಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಮೊದಲ ದಿನ ಅರ್ಧ ಗಂಟೆ ಕುರ್ಚಿಯಲ್ಲಿ ಕುಳಿತು, ಸಸಿಗಳ ಜೊತೆಗೇ ಮೇಲೆ ಬಂದರು. ನಾಲ್ಕನೆಯ ದಿನ ಕೆಳಮನೆಯ ಸಾತಾರೆಯ ಅಜ್ಜಿ ತಾವೂ ಒಂದು ಸ್ಟೂಲು ತಂದು ಪಕ್ಕದಲ್ಲಿ ಕುಳಿತರಂತೆ. ಆಕೆಗೆ ಕನ್ನಡವಿಲ್ಲ, ಅಮ್ಮನಿಗೆ ಮರಾಠಿಯಿಲ್ಲ. ನಡುವೆ ಪೆಟ್ಟಿಗೆ ಇತ್ತು. ಆ ವಾರ ರಾತ್ರಿ ಊಟಕ್ಕೆ ಕುಳಿತಾಗ ಅಮ್ಮ, ‘ಊನ್ ಅಂದರೆ ಬಿಸಿಲು, ಸಾವಲೀ ಅಂದರೆ ನೆರಳು, ಗೊತ್ತುಂಟಾ ನಿನಗೆ?’ ಎಂದು ನಮ್ಮನ್ನೇ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷ ಈ ಊರಿನಲ್ಲಿದ್ದ ನಾವು ಗಂಭೀರವಾಗಿ ‘ಇಲ್ಲ’ ಎಂದೆವು.

ಮಾರ್ಚ್ 30, ಭಾನುವಾರ. ಇಲ್ಲಿಯವರಿಗೆ ಗುಡಿಪಾಡ್ವ, ಘಟ್ಟದ ಮೇಲಿನವರಿಗೆ ಯುಗಾದಿ. ಬಿಸಿಲು ಇಳಿದ ಮೇಲೆ ಸಂಜೆ ಹದಿನಾಲ್ಕು ಸಸಿಗಳನ್ನೂ ನೆಲಕ್ಕಿಳಿಸಿದೆವು. ಮೂರು ದಿನ ಹಗಲು ಹೊತ್ತು ಹಳೆಯ ಸೀರೆಯ ತುಂಡಿನ ನೆರಳು. ಹದಿಮೂರು ಬದುಕಿದವು.

ಏಪ್ರಿಲ್‌ನಲ್ಲಿ ಟಿಕೇಟಿನ ವಿಷಯ ನಾವೇ ಎತ್ತಿದೆವು. ‘ಈಗಷ್ಟೇ ಬೇರು ಹಿಡಿದದ್ದು, ಬಿಟ್ಟು ಹೋಗುವುದು ಹೇಗೆ?’ ಎಂದರು ಅಮ್ಮ. ರೈಲ್ವೆಯವರು ಕಡಿತ ಮಾಡಿಕೊಂಡು ಉಳಿದ ಹಣ ಕೊಟ್ಟರು. ಆ ವರ್ಷದ ವಿಷುಕಣಿ ನಮ್ಮ ಕ್ವಾರ್ಟರ್ಸಿನಲ್ಲಿಯೇ ಆಯಿತು.

ಜೂನ್ 11ರ ಸುಮಾರಿಗೆ ಬರಬೇಕಾದ ಮುಂಗಾರು ಆ ವರ್ಷ ಮೇ 26ಕ್ಕೇ ಮುಂಬಯಿಗೆ ಇಳಿಯಿತು. ಹಿಂದಿನ ಜಾಗದಲ್ಲಿ ನೀರು ನಿಂತು ಒಂಬತ್ತು ಗಿಡ ಬೇರು ಕೊಳೆತು ಸತ್ತವು. ಗೋಡೆಯ ಬುಡದ ದಿಬ್ಬದ ಮೇಲಿದ್ದ ನಾಲ್ಕು ಉಳಿದವು. ಜೂನಿನಲ್ಲಿ ಮನೆಯಲ್ಲಿ ಗುಳ್ಳದ ಕೊದ್ದೆಲು. ರುಚಿ ಮಟ್ಟುವಿನದಲ್ಲವೆಂದು ಅಮ್ಮ ಮೊದಲ ತುತ್ತಿಗೇ ತೀರ್ಪು ಕೊಟ್ಟರು. ಎರಡನೆಯ ಸಲ ಬಡಿಸಿಕೊಂಡರು. ಒಂದು ಬಟ್ಟಲು ಸಾತಾರೆಯ ಅಜ್ಜಿಗೂ ಹೋಯಿತು.

ಒಂದು ಕಾಯನ್ನು ಮಾತ್ರ ಕೊಯ್ಯಗೊಡದೆ ಹಳದಿಯಾಗುವ ತನಕ ಬಿಟ್ಟರು. ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಎರಡು ಗಂಟು ಕಟ್ಟಿದರು. ಒಂದನ್ನು ನಮ್ಮ ಕೈಗಿತ್ತು, ‘ಇದು ಇಲ್ಲಿಗೆ’ ಎಂದರು. ಇನ್ನೊಂದನ್ನು ಸೆರಗಿಗೆ ಕಟ್ಟಿಕೊಂಡರು, ಬೀಗದ ಕೈಯ ಪಕ್ಕದಲ್ಲಿ.