ಹೈಕು ಕಾಯುವವರು

ಹ್ಯಾಕರ್ ಎಂದರೆ ನಮ್ಮಲ್ಲಿ ಬ್ಯಾಂಕ್ ಖಾತೆಗೆ ಕನ್ನ ಹಾಕುವವನೆಂದೇ ಲೆಕ್ಕ. ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರಿಗೆ ಮಾತ್ರ ಆತ ಯಂತ್ರವನ್ನು ಬಿಚ್ಚಿ ನೋಡುವ ಕುತೂಹಲಿ. ಅಂಥವರಿಗಾಗಿ ಅವರು 1984ರಿಂದ ವರ್ಷದ ಕೊನೆಯಲ್ಲಿ ಸಮಾವೇಶ ನಡೆಸುತ್ತ ಬಂದಿದ್ದಾರೆ. ಕೊರೊನಾ ಕಾಲದ ಬಿಡುವಿನ ನಂತರ, 2023ರ ಡಿಸೆಂಬರ್ 27ರಿಂದ ನಾಲ್ಕು ದಿನ ಅದು ಹ್ಯಾಂಬರ್ಗ್‌ನಲ್ಲಿ ಮತ್ತೆ ಸೇರಿತು. ಓಲೆಗರಿಗಳ ಅಧ್ಯಯನಕ್ಕೆಂದು ಅದೇ ಊರಿನಲ್ಲಿದ್ದ ನನ್ನನ್ನು ಗೆಳೆಯನೊಬ್ಬ ಕರೆದುಕೊಂಡು ಹೋದ.

ಒಂದು ಮೇಜಿನ ಸುತ್ತ ವಿಂಡೋಸ್ ಬೇಡ, ಮ್ಯಾಕ್ ಬೇಡ, ಲಿನಕ್ಸ್ ಕೂಡ ಸಾಲದು ಎನ್ನುವ ಏಳೆಂಟು ಜನ. ಅವರಲ್ಲೊಬ್ಬರು, ತಲೆ ನರೆತವರು, ಹಳೆಯ ಲ್ಯಾಪ್‌ಟಾಪಿನಲ್ಲಿ 'ಹೈಕು' ಎಂಬ ಆಪರೇಟಿಂಗ್ ಸಿಸ್ಟಂ ತೋರಿಸುತ್ತಿದ್ದರು. ಅದು 'ಬಿಓಎಸ್' ಎಂಬುದರ ಪುನರ್ಜನ್ಮ. ಬಿಓಎಸ್ ತಯಾರಿಸುತ್ತಿದ್ದ ಕಂಪನಿಯ ಆಸ್ತಿಯನ್ನು 2001ರಲ್ಲಿ ಪಾಮ್ ಕೊಂಡಿತು. ತಿರುಳಿನ ಸೋರ್ಸ್ ಕೋಡ್ ಹೊರಗೆ ಬರಲೇ ಇಲ್ಲ. ಅದೇ ವರ್ಷ ಅಭಿಮಾನಿಗಳು ಆ ಭಾಗವನ್ನು ಮೊದಲಿನಿಂದ ಬರೆಯಲು ಕೂತರು. ಮೊದಲ ಬೀಟಾ ಬಂದದ್ದು 2018ರಲ್ಲಿ, ಹದಿನೇಳು ವರ್ಷಗಳ ಮೇಲೆ! ಬಿಓಎಸ್‌ನ ಬ್ರೌಸರ್ ಪುಟ ತೆರೆಯಲಾಗದಿದ್ದಾಗ ಮೂರು ಸಾಲಿನ ಹೈಕು ತೋರಿಸುತ್ತಿತ್ತಂತೆ. ಹೆಸರಿಗೆ ಅದೇ ಮೂಲ.

"ಇದನ್ನು ಯಾರು ಬಳಸುತ್ತಾರೆ?" ಎಂದು ಹಾದುಹೋಗುತ್ತಿದ್ದ ಹುಡುಗನೊಬ್ಬ ಕೇಳಿದ. ನನ್ನ ಕಿವಿ ನಿಮಿರಿತು. ಊರಿಗೆ ಹೋದಾಗಲೆಲ್ಲ ದೊಡ್ಡಪ್ಪ ನನ್ನ ಪಿಎಚ್.ಡಿ. ಬಗ್ಗೆ ಕೇಳುವುದೂ ಇದನ್ನೇ: "ಅದನ್ನೆಲ್ಲ ಯಾರು ಓದ್ತಾರೆ ಮಗಾ?" ಫೆಲೋಶಿಪ್ ಮುಗಿಯಲು ಆಗ ಐದೇ ತಿಂಗಳಿತ್ತು.

ಆ ಹಿರಿಯರು ವಾದಕ್ಕಿಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಬಿಓಎಸ್‌ಗೆಂದು ಬರೆದಿದ್ದ ಪುಟ್ಟ ಪ್ರೋಗ್ರಾಂ ಒಂದನ್ನು ಒತ್ತಿದರು. ಅದು ತಟ್ಟನೆ ತೆರೆದುಕೊಂಡಿತು. "ಇದನ್ನು ಬರೆದವರು ಈಗ ಎಲ್ಲಿದ್ದಾರೋ," ಎಂದರು ಅಷ್ಟೇ.

ಓಲೆಗರಿಯ ಆಯುಷ್ಯ ಕೆಲವು ನೂರು ವರ್ಷ. ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಪಂಪನ ಕಾವ್ಯ ಹತ್ತನೆಯ ಶತಮಾನದಿಂದ ನಮ್ಮವರೆಗೆ ಬಂದದ್ದು ತಲೆಮಾರಿಗೊಬ್ಬರಾದರೂ ಹಳೆಯ ಗರಿ ನೋಡಿ ಹೊಸ ಗರಿಯ ಮೇಲೆ ಕಂಠದಿಂದ ಕೊರೆದದ್ದರಿಂದ. ಓದುವವರು ಎಷ್ಟು ಜನ ಎಂದು ಎಣಿಸಿ ಆಮೇಲೆ ಬರೆಯೋಣ ಎಂದು ಆ ಲಿಪಿಕಾರರು ಕೂತಿದ್ದರೆ ನಮಗೆ ಏನು ಉಳಿಯುತ್ತಿತ್ತು? ಹೊಸ ಯಂತ್ರ ಬಂದಾಗಲೆಲ್ಲ ಹಳೆಯ ವ್ಯವಸ್ಥೆಯನ್ನು ಅದಕ್ಕೆ ಒಗ್ಗಿಸುವ ಈ ಮೇಜಿನವರದೂ ಅದೇ ಕುಲಕಸುಬು.

ದೊಡ್ಡಪ್ಪನಿಗೆ ಹೇಳಲು ಈಗಲೂ ನನ್ನಲ್ಲಿ ಸಂಖ್ಯೆಯಿಲ್ಲ. ಮುಂದಿನ ಸಲ ಕೇಳಿದರೆ ಒಂದು ಗರಿಯ ಚಿತ್ರ ತೆರೆದು ಓದಿ ಹೇಳುತ್ತೇನೆ.