ಗುಮ್ಮಟ ಕಲಿಸಿದ ಆಟ

ನಮ್ಮ ಮನಿ ವಿಜಯಪುರದ ಜಲನಗರದಾಗ. ಮಗನಿಗೆ ಹುಟ್ಟಿನಿಂದ ಸೊಟ್ಟಪಾದ. ಪೊನ್ಸೆಟಿ ವಿಧಾನದಂತೆ ವಾರಕ್ಕೊಮ್ಮೆ ಪ್ಲಾಸ್ಟರ್ ಬದಲಿಸಿ ನೇರ ಮಾಡಿದರು. ಆದರೂ ನಾಲ್ಕೈದು ವರ್ಷ ತುಂಬುವವರೆಗೆ ರಾತ್ರಿ, ಪಟ್ಟಿಗೆ ಜೋಡಿಸಿದ ಬೂಟು ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಗಬಹುದು.

“ಕೂಸು ಅಳತೈತಿ, ಬಿಡವಾ” ಅಂದರು ಅತ್ತಿ. ಒಂದು ವಾರ ಬಿಟ್ಟೆ. ಆಮೇಲೆ ಹಿಮ್ಮಡಿ ಬೂಟಿನೊಳಗೆ ಸರಿಯಾಗಿ ಕೂಡಲಿಲ್ಲ. ಎದೆ ಝಲ್ಲೆಂದಿತು. ಡಾಕ್ಟರಿಗೆ ತೋರಿಸಿ ಮತ್ತೆ ಶುರು ಮಾಡಿದರೆ ಅಳು ಇನ್ನೂ ಜೋರು.

ಭಾನುವಾರ ಗೋಳಗುಮ್ಮಟಕ್ಕೆ ಹೋದೆವು. ಇಕ್ಕಟ್ಟಾದ ಮೆಟ್ಟಿಲು, ಮಗ ಬಗಲಾಗ. ಮೇಲೆ ಒಂದೇ ಚಪ್ಪಾಳೆ ಏಳು ಸಲ ಮರಳಿತು. ಮಗ ಕೇಕೆ ಹಾಕಿದ. ಅಂದು ರಾತ್ರಿ ಬೂಟಿನ ಪಟ್ಟಿ ಬಿಗಿದಾಗಲೆಲ್ಲ ಅತ್ತಿ ಏಳು ಚಪ್ಪಾಳೆ ತಟ್ಟಿದರು.

ಈಗ ಅವನೇ ಕಾಲು ಚಾಚತಾನ: “ಆಯಿ, ಗುಮ್ಮಟ!”