ಸಾರಥಿ ಇಳಿದ ಕುರ್ಚಿ

ಆಪ್ಟಿಮಸ್ ಪ್ರೈಮ್ ಎಂಬ, ರೋಬೋ ಆಗಿ ಮಾರ್ಪಡುವ ಕೆಂಪು ಲಾರಿಯ ಹಳೆಯ ಆಟಿಕೆ ಕೈಗೆ ಸಿಕ್ಕಾಗಲೆಲ್ಲ ನಾನು ಮೊದಲು ಅದರ ಮುಂಗಾಜನ್ನು ಬೆರಳ ತುದಿಯಿಂದ ಮೆಲ್ಲಗೆ ತೆರೆಯುತ್ತೇನೆ. ಒಳಗೆ ಉಗುರಿನಷ್ಟು ಚಿಕ್ಕ ಕುರ್ಚಿಗಳು. ಕೂತವರು ಯಾರೂ ಇಲ್ಲ. ಜಪಾನಿನ ಟಕಾರಾ ಕಂಪನಿಯ ‘ಡಯಾಕ್ಲೋನ್’ ಆಟಿಕೆಯಾಗಿ ಇದು ಹುಟ್ಟಿದಾಗ ಅಲ್ಲೊಬ್ಬ ಪುಟಾಣಿ ಸಾರಥಿ ಕೂರುತ್ತಿದ್ದ. ರೋಬೋ ಬರೀ ಯಂತ್ರ, ನಡೆಸುವವನು ಮನುಷ್ಯ. ಅಮೆರಿಕದ ಹ್ಯಾಸ್ಬ್ರೋ 1984ರಲ್ಲಿ ಇದನ್ನು ‘ಟ್ರಾನ್ಸ್‌ಫಾರ್ಮರ್ಸ್’ ಎಂದು ಮಾರಲು ಹೊರಟಾಗ ಸಾರಥಿ ಇಳಿದುಹೋದ. ಇನ್ನು ಯಂತ್ರಕ್ಕೇ ಜೀವ ಬರಬೇಕಿತ್ತು. ಅದು ಬಂದದ್ದು ಕಾಮಿಕ್ಸಿನವರ ಮೇಜಿನಿಂದ.

ಕಥೆಗೆ ಹಂದರ ಹಾಕಿದವರು ಮಾರ್ವೆಲ್‌ನ ಮುಖ್ಯ ಸಂಪಾದಕ ಜಿಮ್ ಶೂಟರ್. ಆಪ್ಟಿಮಸ್ ಪ್ರೈಮ್ ಎಂಬ ಹೆಸರಿಟ್ಟವರು ಡೆನ್ನಿ ಓನೀಲ್. ಉಳಿದ ಬಹುಪಾಲು ಹೆಸರುಗಳನ್ನೂ ಒಬ್ಬೊಬ್ಬರ ಗುಣಸ್ವಭಾವವನ್ನೂ ಬಾಬ್ ಬುಡಿಯಾನ್‌ಸ್ಕಿ ಒಂದೇ ವಾರಾಂತ್ಯದಲ್ಲಿ ಕೂತು ಬರೆದರು. ಪಿಸ್ತೂಲಾಗಿ ಮಾರ್ಪಡುವ ಗೊಂಬೆ ಮೆಗಾಟ್ರಾನ್ ಆಯಿತು. ಆಂಬುಲೆನ್ಸ್ ರ‍್ಯಾಚೆಟ್ ಎಂಬ ವೈದ್ಯನಾಯಿತು. ತೊಟ್ಟಿಲ ಕೂಸಿನ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಮನೆಯವರು ಅದನ್ನು ನೋಡುವ ನೋಟವೇ ಬೇರೆ. ಪ್ಲಾಸ್ಟಿಕ್ಕಿಗೂ ಹಾಗೇ ಆಯಿತು.

ನಾಲ್ಕೇ ಸಂಚಿಕೆ ಎಂದು ಶುರುವಾದ ಮಾರ್ವೆಲ್‌ನ ಕಾಮಿಕ್ಸ್ ಮಾಲೆ ನಾಲ್ಕು ದಿನಕ್ಕೆಂದು ಬಂದ ನೆಂಟ ಮನೆಯವನೇ ಆಗಿಹೋದಂತೆ 1991ರವರೆಗೆ ಉಳಿಯಿತು. ಕೊನೆಯ ಸಂಚಿಕೆಯ ಮುಖಪುಟದಲ್ಲಿ, ನಾಲ್ಕು ಸಂಚಿಕೆಗಳ ಮಾಲೆಯಲ್ಲಿ ಇದು 80ನೆಯದು ಎಂದೇ ಅಚ್ಚು ಹಾಕಿದರು. ಆ ಸಾಲು ಕಂಡಾಗ ನನಗೆ ಇಂದಿಗೂ ಎದೆ ತುಂಬುತ್ತದೆ.

ನಾನು ಮತ್ತೆ ಮತ್ತೆ ತೆರೆಯುವುದು 24ನೆಯ ಸಂಚಿಕೆಯನ್ನು. ಬುಡಿಯಾನ್‌ಸ್ಕಿಯವರೇ ಬರೆದದ್ದು. ಪ್ರೈಮ್ ಮತ್ತು ಅವನ ವೈರಿ ಮೆಗಾಟ್ರಾನ್ ವಿಡಿಯೋ ಗೇಮಿನೊಳಗೆ ಕಾದಾಡುತ್ತಾರೆ. ಸೋತವನು ನಾಶವಾಗಬೇಕೆಂಬುದು ಪಣ. ಪ್ರೈಮ್ ಗೆಲ್ಲುತ್ತಾನೆ. ಆದರೆ ಗೆಲ್ಲುವ ಭರದಲ್ಲಿ ಆ ಆಟದ ಲೋಕದ ನಿರಪರಾಧಿ ಜೀವಿಗಳು ಸತ್ತಿವೆ. ಅವು ಬರೀ ಪರದೆಯ ಮೇಲಿನ ಚುಕ್ಕೆಗಳೆಂದು ಅವನು ಸುಮ್ಮನಾಗುವುದಿಲ್ಲ. ಹೀಗೆ ಗೆದ್ದದ್ದು ಗೆಲುವಲ್ಲ ಎಂದು ತನ್ನನ್ನೇ ನಾಶಮಾಡಲು ಹೇಳುತ್ತಾನೆ. ಹಾಗೇ ಆಗುತ್ತದೆ. ಕಡೆಗೆ ಆ ಗೇಮಿನ ಪ್ರೋಗ್ರಾಮರ್ ಈಥನ್ ಝಾಕರಿಯ ಬಳಿ ಉಳಿಯುವುದು ಒಂದು ಫ್ಲಾಪಿ ಡಿಸ್ಕ್. ಪ್ರೈಮನ ಮನಸ್ಸೆಲ್ಲ ಅದರಲ್ಲಿದೆ. ಗೊಂಬೆ ಮಾರುವುದಕ್ಕೆಂದು ಹುಟ್ಟಿದ ಪುಸ್ತಕ ಮಕ್ಕಳ ಕೈಯಲ್ಲಿ ಇಷ್ಟು ದೊಡ್ಡ ಧರ್ಮಸೂಕ್ಷ್ಮವನ್ನು ಇಟ್ಟಿತಲ್ಲ ಎಂದು ಪುಟ ಮುಚ್ಚದೆ ಕೂರುತ್ತೇನೆ.

ಬ್ರಿಟನ್ನಿನಲ್ಲಿ ಈ ಕಾಮಿಕ್ಸ್ ವಾರಪತ್ರಿಕೆಯಾಗಿ ಬೆಳೆಯಿತು. ಅಮೆರಿಕದ ಮಾಸಿಕದ ಕಥೆ ವಾರವಾರದ ಹಸಿವಿಗೆ ಸಾಲದೆ ಅಲ್ಲಿಯವರೇ ಹೊಸ ಕಥೆ ಕಟ್ಟಬೇಕಾಯಿತು. ಆ ಕೊರತೆಯೇ ಸೈಮನ್ ಫರ್ಮನ್ ಎಂಬ ಕಥೆಗಾರನನ್ನು ಕೊಟ್ಟಿತು. 1992ರ ಹೊತ್ತಿಗೆ ಬ್ರಿಟನ್ನಿನಲ್ಲಿ 332 ಸಂಚಿಕೆ ಬಂದಿದ್ದವು. ಅಮೆರಿಕದ ಮಾಲೆಯನ್ನೂ 56ರಿಂದ ಮುಗಿಯುವ ತನಕ ಫರ್ಮನ್ನರೇ ನಡೆಸಿದರು.

ಆಮೇಲೆ 2002ರಲ್ಲಿ ಡ್ರೀಮ್‌ವೇವ್, 2005ರಿಂದ ಐಡಿಡಬ್ಲ್ಯೂ, 2023ರಿಂದ ಸ್ಕೈಬೌಂಡ್. ಪ್ರಕಾಶಕರು ಬದಲಾದರೂ ಕಥೆ ನಿಲ್ಲಲಿಲ್ಲ. ಡೇನಿಯಲ್ ವಾರನ್ ಜಾನ್ಸನ್ ಬರೆದ ಹೊಸ ಮಾಲೆ 2024ರಲ್ಲಿ ಕಾಮಿಕ್ಸ್ ಲೋಕದ ಐಸ್ನರ್ ಪ್ರಶಸ್ತಿಯನ್ನೂ ಪಡೆಯಿತು.

ಮುಂಗಾಜನ್ನು ಮತ್ತೆ ಮುಚ್ಚುತ್ತೇನೆ. ಕುರ್ಚಿ ಈಗಲೂ ಖಾಲಿಯೇ. ಆದರೆ ಆ 24ನೆಯ ಸಂಚಿಕೆ ಓದಿದ ಮೇಲೆ, ಈ ಲಾರಿಗೆ ಸಾರಥಿ ಇಲ್ಲವೆಂದು ನನಗೆ ಒಮ್ಮೆಯೂ ಅನಿಸಿಲ್ಲ.